ಪ್ಯಾರಾಶೂಟಿಗೆ ಆಯುಧಪೂಜೆ

ಪ್ಯಾರಾಶೂಟಿನ ಬಣ್ಣ ಕಿತ್ತಳೆ ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಇಣುಕಿ ನೋಡಿ "ನೀಲಿ" ಅಂದಳು. ಮಾವನವರನ್ನು ಕೇಳಿದರೆ "ಬಣ್ಣ ಮುಖ್ಯ ಅಲ್ರೀ, ಕ್ಷೇತ್ರಫಲ ಮುಖ್ಯ" ಅನ್ನುತ್ತಾರೆ. ಆದ್ದರಿಂದ ಬಣ್ಣವನ್ನು ಇಲ್ಲಿಗೇ ಬಿಟ್ಟಿದ್ದೇನೆ. ನೆನಪು ಚೆನ್ನಾಗಿ ಇಸ್ತ್ರಿ ಮಾಡಿ ತಂದುಕೊಡುವ ಯಾವುದನ್ನೂ ನಾನು ಸುಲಭಕ್ಕೆ ಮೈಮೇಲೆ ಹಾಕಿಕೊಳ್ಳುವುದಿಲ್ಲ. ನಂಬಬಹುದಾದದ್ದು ಇಷ್ಟು: ಅದು ಒಂದು ಕಪ್ಪು ಚೀಲದೊಳಗಿತ್ತು, ಚೀಲದ ಪಟ್ಟಿಯಲ್ಲಿ ಎದೆಯ ಹತ್ತಿರ ಒಂದು ಕೆಂಪು ಹಿಡಿ ಇತ್ತು, ಮತ್ತು ಅದು ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿಗೆ ನಿದ್ದೆ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ.

ನಾವಿದ್ದದ್ದು ಜರ್ಸಿ ಸಿಟಿಯಲ್ಲಿ, ನದಿಗೆ ಮುಖ ಮಾಡಿದ ಒಂದು ಗೋಪುರದ ಮೂವತ್ತೊಂಬತ್ತನೆಯ ಮಹಡಿಯಲ್ಲಿ. ನನ್ನ ಬರೆಯುವ ಮೇಜು ಕಿಟಕಿಗೆ ಅಂಟಿಕೊಂಡಿತ್ತು. ಹಡ್ಸನ್ ಮೇಲೆ ದೋಣಿಗಳು ಇರುವೆಗಳ ಹಾಗೆ ಹೋಗುವುದನ್ನೂ, ಎದುರಿನ ಮ್ಯಾನ್‌ಹ್ಯಾಟನ್ ಮಂಜಿನಲ್ಲಿ ಸೊಂಟದವರೆಗೆ ಮುಳುಗಿ ನಿಲ್ಲುವುದನ್ನೂ ನೋಡುತ್ತ ಏನೂ ಬರೆಯದೆ ಇಡೀ ಬೆಳಗು ಕಳೆಯಬಹುದಾಗಿತ್ತು. ಕಳೆಯುತ್ತಿದ್ದೆ. ಮೇ ತಿಂಗಳಲ್ಲಿ ಒಂದು ದಿನ ಕೆಳಗಿನ ಯಾವುದೋ ಮನೆಯವರು ಬ್ರೆಡ್ ಸುಟ್ಟುಕೊಂಡು ಫೈರ್ ಅಲಾರಂ ಹೊಡೆದುಕೊಂಡಿತು. ಲಿಫ್ಟ್ ನಿಂತಿತು. ಮೆಟ್ಟಿಲಲ್ಲಿ ಇಳಿದೆವು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಓಡುತ್ತಿದ್ದಳು, ಮಾವ ಪ್ರತಿ ಮಹಡಿಯಲ್ಲೂ ನಿಂತು ಯಾರಿಗೋ "ಆಫ್ಟರ್ ಯು" ಅನ್ನುತ್ತಿದ್ದರು. ಅಷ್ಟೇ ಆದದ್ದು. ಹೊಗೆ ಕೂಡ ಇರಲಿಲ್ಲ.

ಆದರೆ ಅಂದಿನಿಂದ ಅವಳ ನಿದ್ದೆ ಹೋಯಿತು. ದಂತವೈದ್ಯೆ ಅವಳು, ಹಗಲೆಲ್ಲ ಬೇರೆಯವರನ್ನು "ಏನೂ ಆಗಲ್ಲ, ರಿಲ್ಯಾಕ್ಸ್ ಮಾಡಿ" ಎಂದು ಸಮಾಧಾನ ಮಾಡಿ ಬರುವವಳು. ಮನೆಯಲ್ಲಿ ಫ್ರಿಜ್ ಗುರ್ ಅಂದರೆ ಎದ್ದು ಕೂರುತ್ತಿದ್ದಳು. ಕೊನೆಗೆ ಒಂದು ಭಾನುವಾರ ಕಾಫಿ ಕುಡಿಯುತ್ತ ತೀರ್ಪು ಕೊಟ್ಟಳು.

"ದಸರಾ ಆದ್ಮೇಲೆ ಲೀಸ್ ಮುಗಿಯುತ್ತೆ. ಅಷ್ಟ್ರಲ್ಲಿ ನಂಗೆ ಇಲ್ಲಿ ನಿದ್ದೆ ಬಂದ್ರೆ ರಿನ್ಯೂ ಮಾಡೋಣ. ಇಲ್ಲಾಂದ್ರೆ ಓಲ್ಡ್ ಬ್ರಿಡ್ಜ್. ಅಕ್ಕನ ಪಕ್ಕದ ಮನೆ ಖಾಲಿ ಆಗ್ತಿದೆಯಂತೆ."

ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಅಕ್ಕನ ಪಕ್ಕದ ಮನೆ ಎಂದರೆ ಷಡ್ಡಕನ ಪಕ್ಕದ ಮನೆ. ಒಳ್ಳೆಯ ಮನುಷ್ಯ. ಆದರೆ ಹುಲ್ಲು ಕತ್ತರಿಸುವುದನ್ನು ಅವನು ಒಂದು ವ್ರತದಂತೆ ಹಿಡಿದಿದ್ದ, ಯಂತ್ರ ನಿಲ್ಲಿಸಿದಾಗಲೆಲ್ಲ ಮಾರ್ಟ್‌ಗೇಜ್ ದರದ ಬಗ್ಗೆ ಮಾತಾಡುತ್ತಿದ್ದ. ನನ್ನ ನದಿಯ ಬದಲಿಗೆ ನನಗೆ ಅದು ಸಿಗುವುದಿತ್ತು. ಹಾಗಾಗಿ ಹೆಂಡತಿಯ ನಿದ್ದೆ ನನ್ನ ಬದುಕಿನ ಅತಿ ದೊಡ್ಡ ಯೋಜನೆಯಾಯಿತು.

ಮಾವ ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳ ಮನೆಯಲ್ಲಿ ಸರದಿಯ ಮೇಲೆ ಇರುತ್ತಾರೆ. ಕ್ಯಾಮೊಮೈಲ್ ಚಹಾ, ಪ್ರಾಣಾಯಾಮ, ಕಿವಿಗೆ ಹತ್ತಿ, ನಾನು ಸೂಚಿಸಿದ್ದೆಲ್ಲ ಸೋತ ಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರ, ಇದು ನಿದ್ದಿ ಪ್ರಾಬ್ಲಂ ಅಲ್ಲ. ಇದು ಗುರುತ್ವಾಕರ್ಷಣ ಪ್ರಾಬ್ಲಂ."

ಒಂದು ವಾರಕ್ಕೆ ಅವರು ತರಿಸಿದ ಪ್ಯಾರಾಶೂಟ್ ಬಂತು. ಎತ್ತರದ ಕಟ್ಟಡಗಳಲ್ಲಿ ಇರುವವರಿಗೆಂದೇ ಮಾಡಿದ್ದು. ಬೆಂಕಿ ಬಿದ್ದರೆ ಬೆನ್ನಿಗೆ ಕಟ್ಟಿಕೊಂಡು ಕಿಟಕಿಯಿಂದ ಹಾರುವುದು. ನಮ್ಮ ಕಿಟಕಿ ಅಂಗೈ ಅಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅದನ್ನು ಹೇಳಿದೆ. ಮಾವ ಡಬ್ಬದ ತಳದಿಂದ ಒಂದು ಸುತ್ತಿಗೆ ತೆಗೆದು ತೋರಿಸಿದರು.

"ಸರಿ. ಆದ್ರೆ ಮಾವ, ಇದು ಒಂದೇ ಇದೆ. ನಾವು ಮೂರು ಜನ."

"ಹೌದಲ್ರೀ. ಹಾರಾಕಿ ನನ್ನ ಮಗಳು. ನನಗ ವಯಸ್ಸಾತು, ನಾ ಹೆಂಗೋ ಇಳೀತೀನಿ."

"ನಾನು?"

"ನಿಮಗ ಹೆಂಗೂ ವ್ಯಾಯಾಮ ಕಡಿಮಿ ಅದ."

ಹೆಂಡತಿ ಸೋಫಾದಿಂದಲೇ ಹೇಳಿದಳು: "ಅಪ್ಪಾ, ನಾ ಹಾರಂಗಿಲ್ಲ."

"ಹಾರಬ್ಯಾಡವಾ. ಅದು ಮನ್ಯಾಗ ಅದ ಅನ್ನೋದ ಸಾಕು. ಹಾರಬೇಕಾದ್ರ ಏನೇನು ಕೆಡತದ, ಕೆಟ್ರ ಏನು ಮಾಡಬೇಕು, ಅದನ್ನ ಮೊದಲ ನಿನ್ನ ಗಂಡ ಕಲೀಲಿ. ಆಮ್ಯಾಲೆ ನಿನಗ ಕಲಸ್ಲಿ. ತಿಳುವಳಿಕಿ ಬಂದ್ರ ಅಂಜಿಕಿ ಹೋಗ್ತದ."

ಆಶ್ಚರ್ಯವೆಂದರೆ ಹೆಂಡತಿ ನನ್ನನ್ನು ನೋಡಿ "ಅದು ಬೇಕಾದ್ರೆ ನೋಡೋಣ" ಅಂದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಆಸಕ್ತಿ ಕಂಡಿತು. ನನ್ನನ್ನು ಎಲ್ಲಿಂದಲೋ ಕೆಳಗೆ ಬೀಳಿಸುವ ಕಲ್ಪನೆಯಿಂದ ಹುಟ್ಟಿದ ಆಸಕ್ತಿ ಅದು ಎಂದು ನನಗೆ ಅನುಮಾನ. ನದಿಗಾಗಿ ಒಪ್ಪಿದೆ.

ಪ್ಯಾರಾಶೂಟಿನ ಜೊತೆ ಒಂದು ಕೈಪಿಡಿ ಬಂದಿತ್ತು. ಹಾರುವುದು ಹೇಗೆ ಎನ್ನುವುದಕ್ಕೆ ಅದರಲ್ಲಿ ಒಂದೇ ಪುಟ, ಉಳಿದದ್ದೆಲ್ಲ ಆಪತ್ತುಗಳು. ಮಾವನಿಗೆ ಇದು ಬಹಳ ಹಿಡಿಸಿತು. ಪಾಠ ಮಾಡುವುದಕ್ಕೆ ಮೂವತ್ತೊಂಬತ್ತನೆಯ ಮಹಡಿ ಸರಿಯಾದ ಜಾಗವಲ್ಲ, ಅಲ್ಲಿ ಸೀಲಿಂಗಿನಲ್ಲಿ ಕೊಕ್ಕೆ ಇಲ್ಲ. ಓಲ್ಡ್ ಬ್ರಿಡ್ಜ್‌ನಲ್ಲಿ ಹೆಂಡತಿಯ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ತೂಗುಮಂಚವಿತ್ತು. ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದರ ಹಿತ್ತಾಳೆ ಸರಪಳಿಗೆ ಒಂದು ಹಳೆಯ ಬೆಲ್ಟಿನ ಜೋಡಣೆ ಸಿಕ್ಕಿಸಿ ನನ್ನನ್ನು ತೂಗುಹಾಕಿದರು. ನೆಲಕ್ಕೂ ನನ್ನ ಕಾಲಿಗೂ ಒಂದು ಮೊಳ ಅಂತರ. ಅಷ್ಟಕ್ಕೇ ನನಗೆ ತಲೆ ಸುತ್ತಿತು ಎಂದು ಹೆಂಡತಿ ಊರಿಗೆಲ್ಲ ಹೇಳುತ್ತಾಳೆ. ತಲೆ ಸುತ್ತಿದ್ದು ಷಡ್ಡಕ ನನ್ನನ್ನು ಬುಗುರಿಯಂತೆ ತಿರುಗಿಸಿದ್ದಕ್ಕೆ. ಹಗ್ಗಗಳು ಹೆಣೆದುಕೊಂಡರೆ ಏನು ಮಾಡಬೇಕು ಎಂಬ ಪಾಠ ಅದು.

"ಹಗ್ಗ ತಿರುವಿಕೊಂಡಾವ! ಏನ್ ಮಾಡ್ತೀರಿ?" ಮಾವ ಕೆಳಗಿನಿಂದ ಕೂಗಿದರು.

"ಎರಡೂ ಪಟ್ಟಿ ಹಿಡಿದು ಅಗಲ ಮಾಡ್ತೀನಿ. ಸೈಕಲ್ ತುಳಿದ ಹಾಗೆ ಕಾಲು ಒದೀತೀನಿ."

"ಯಾವ ದಿಕ್ಕಿಗೆ?"

"ಬಿಚ್ಚೋ ದಿಕ್ಕಿಗೆ."

"ಅದು ಯಾವ್ದು?"

ಅದು ನನಗೆ ಎಂದೂ ಗೊತ್ತಾಗಲಿಲ್ಲ. ಪ್ರತಿಸಲವೂ ಇನ್ನಷ್ಟು ಸುತ್ತಿಕೊಂಡೆ. ಪ್ಯಾರಾಶೂಟ್ ಕಟ್ಟಡದ ಕಡೆಗೇ ತಿರುಗಿದರೆ ಹಿಂದಿನ ಪಟ್ಟಿಯೊಂದನ್ನು ಜಗ್ಗಿ ಮುಖ ತಿರುಗಿಸಬೇಕು. ಷಡ್ಡಕ ಕಟ್ಟಡವಾಗಿ ನಿಂತಿದ್ದ, ಅವನ ಹೊಟ್ಟೆಗೆ ಹೋಗಿ ಗುದ್ದಿದೆ. ನೀರಿಗೆ ಬೀಳುವುದಾದರೆ ಎದೆಯ ಪಟ್ಟಿಯನ್ನು ಮೊದಲೇ ಸಡಿಲಿಸಬೇಕು; ಹಡ್ಸನ್ ಎದುರಿಗೇ ಇರುವುದರಿಂದ ಮಾವ ಇದನ್ನು ಮತ್ತೆ ಮತ್ತೆ ಮಾಡಿಸಿದರು, ನೀರು ಬಂದದ್ದು ಗೊತ್ತಾಗಲಿ ಎಂದು ಸ್ಪ್ರೇ ಬಾಟಲಿಯಿಂದ ಮುಖಕ್ಕೆ ಚಿಮುಕಿಸಿದರು. ಮರಕ್ಕೆ ಸಿಕ್ಕಿದರೆ ಕಾಲು ಜೋಡಿಸಿ, ಮುಖ ಮುಚ್ಚಿ, ಸಿಕ್ಕಲ್ಲೇ ನೇತಾಡುತ್ತಿರಬೇಕು. ಇದೊಂದು ಮಾತ್ರ ನನಗೆ ಸಹಜವಾಗಿ ಬಂತು.

ನೇತಾಡುತ್ತಿದ್ದಾಗಲೇ ಒಂದು ಶನಿವಾರ ಗೊಂಬೆ ನೋಡಲು ಬಂದವರು ಬೇಸ್‌ಮೆಂಟಿಗೆ ಇಳಿದರು. ನವರಾತ್ರಿ ಶುರುವಾಗಿತ್ತು, ಅಕ್ಕ ಮೇಲಿನ ಫ್ಯಾಮಿಲಿ ರೂಮಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸಿದ್ದಳು. ಈಸ್ಟ್ ಬ್ರನ್ಸ್‌ವಿಕ್‌ನಿಂದ ಬಂದ ಒಬ್ಬ ಆಂಟಿ ಕೈಯಲ್ಲಿ ಕಡಲೆ ಉಸಲಿಯ ಕಪ್ ಹಿಡಿದು ನನ್ನನ್ನು ಪಾದದಿಂದ ನೆತ್ತಿಯವರೆಗೆ ನೋಡಿದರು.

"ಏನಿದು, ಸ್ಲಿಪ್ ಡಿಸ್ಕಾ? ನಮ್ಮೆಜಮಾನ್ರಿಗೂ ಹೀಗೇ ಹೇಳಿದ್ರು, ಇನ್ಶೂರೆನ್ಸ್ ಕವರ್ ಮಾಡ್ಲಿಲ್ಲ."

"ಇಲ್ಲ ಆಂಟಿ, ಬೆಂಕಿ ಬಿದ್ದ್ರೆ ಹಾರೋದು ಕಲೀತಿದ್ದೀನಿ."

"ಹೌದಾ, ಒಳ್ಳೇದು, ಒಳ್ಳೇದು. ಉಸಲಿ ತಗೊಳ್ಳಿ."

ತಗೊಂಡೆ. ಗಾಳಿಯಲ್ಲಿ ಕೂತು ಉಸಲಿ ತಿನ್ನುವುದು ಕಷ್ಟವಲ್ಲ; ಕಪ್ಪನ್ನು ಇಡುವುದಕ್ಕೆ ಜಾಗವಿರುವುದಿಲ್ಲ, ಅಷ್ಟೇ. ಹೆಂಡತಿ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವತ್ತು ಮನೆಗೆ ಹೋದ ಮೇಲೆ ನಿದ್ದೆ ಮಾಡಿದಳೇ? ಮಾಡಿದಳು ಎಂದು ಬರೆಯಲು ಕೈ ತುರಿಸುತ್ತದೆ, ಕಥೆಗೆ ಒಂದು ಏಣಿ ಸಿಕ್ಕ ಹಾಗಾಗುತ್ತದೆ. ಮಾಡಲಿಲ್ಲ.

ಆಯುಧಪೂಜೆಯ ದಿನ ಮಾವ ಪ್ಯಾರಾಶೂಟನ್ನು ಕಾರಿನಲ್ಲಿ ಮುಂದಿನ ಸೀಟಿಗೆ ಕೂರಿಸಿ, ಸೀಟ್ ಬೆಲ್ಟ್ ಹಾಕಿ ಓಲ್ಡ್ ಬ್ರಿಡ್ಜ್‌ಗೆ ತಂದರು. ನಾನೂ ಹೆಂಡತಿಯೂ ಹಿಂದೆ ಕೂತೆವು, ಮಾವ ಅವಳ ಪಕ್ಕದಲ್ಲಿ ಇರುಕಿಕೊಂಡರು. ಡ್ರೈವ್ ಮಾಡಿದ್ದು ಷಡ್ಡಕ ಇರಬೇಕು. ಅಥವಾ ನಾನೇ ಇರಬಹುದು; ಹಾಗಾದರೆ ಹಿಂದೆ ಕೂತವರು ಯಾರು? ಇರಲಿ. ಪ್ರಾಣ ಉಳಿಸುವ ಸಾಮಾನಿಗೆ ಪೂಜೆ ಇಲ್ಲದಿದ್ದರೆ ಹೇಗೆ ಎಂಬುದು ಮಾವನ ವಾದ. ಗೊಂಬೆಗಳ ಮುಂದೆ ಸಾಲಾಗಿ ಕೂರಿಸಿದೆವು: ಲ್ಯಾಪ್‌ಟಾಪುಗಳು, ಹೆಂಡತಿಯ ಹಲ್ಲು ಕೊರೆಯುವ ಡ್ರಿಲ್, ಅಕ್ಕನ ಇನ್‌ಸ್ಟಂಟ್ ಪಾಟ್, ಕಿಟಕಿ ಒಡೆಯುವ ಸುತ್ತಿಗೆ, ನಟ್ಟನಡುವೆ ಪ್ಯಾರಾಶೂಟ್. ಪುಸ್ತಕಗಳದ್ದು ಬೇರೆ ರಾಶಿ, ಸರಸ್ವತಿಯ ಪಟದ ಕೆಳಗೆ. ಮಾವ ಅದರ ಮೇಲೆ ಪ್ಯಾರಾಶೂಟಿನ ಕೈಪಿಡಿಯನ್ನೂ ಇಟ್ಟು ಅಕ್ಷತೆ ಹಾಕಿದರು.

ಎಲ್ಲದಕ್ಕೂ ಕುಂಕುಮ ಹಚ್ಚಿ ಹೂ ಏರಿಸಿದ್ದಾಯಿತು. ಕಪ್ಪು ಚೀಲ ನುಣುಪಾಗಿತ್ತು, ಚೆಂಡುಹೂವಿನ ಮಾಲೆ ಜಾರಿ ಜಾರಿ ಬೀಳುತ್ತಿತ್ತು. ಇಡೀ ಚೀಲದಲ್ಲಿ ಮಾಲೆ ಸಿಕ್ಕಿಸಲು ಹೇಳಿಮಾಡಿಸಿದ ಹಾಗೆ ಹೊರಗೆ ಚಾಚಿಕೊಂಡಿದ್ದದ್ದು ಒಂದೇ ಒಂದು ವಸ್ತು: ಕೆಂಪು ಹಿಡಿ. ಮಾಲೆಯನ್ನು ಅದಕ್ಕೆ ಎರಡು ಸುತ್ತು ಸುತ್ತಿ ಹಾಕಲಾಯಿತು. ಬಹಳ ಚೆನ್ನಾಗಿ ಕಾಣುತ್ತಿತ್ತು.

ಮುಂದಿನದಕ್ಕೆ ಮೂರು ಸಾಕ್ಷಿಗಳಿವೆ. ಹೆಂಡತಿಯ ಪ್ರಕಾರ, ಮಂಗಳಾರತಿ ತೆಗೆದುಕೊಳ್ಳಲು ಬಗ್ಗಿದ ಷಡ್ಡಕನ ಶಲ್ಯಕ್ಕೆ ಮಾಲೆ ಸಿಕ್ಕಿತು. ಷಡ್ಡಕನ ಪ್ರಕಾರ, ಪ್ರಸಾದಕ್ಕೆಂದು ಮಾವನೇ ಒಂದು ಹೂ ಕಿತ್ತರು. ಮಾವನ ಪ್ರಕಾರ, ಯಾರೂ ಏನೂ ಮಾಡಲಿಲ್ಲ, ಯಂತ್ರ ಪೂಜೆಯಿಂದ ಪ್ರಸನ್ನವಾಯಿತು. ಅವತ್ತೂ ಬಂದಿದ್ದ ಉಸಲಿಯ ಆಂಟಿ ಫೋನಿನಲ್ಲಿ ವಿಡಿಯೋ ಮಾಡಿದ್ದರು. ಎಲ್ಲರೂ ಮುತ್ತಿಕೊಂಡು ನೋಡಿದೆವು. ಅದರಲ್ಲಿ ಉದ್ದಕ್ಕೂ ಕಾಣುವುದು ಆಂಟಿಯ ಹೆಬ್ಬೆರಳು.

ಟಪ್ ಎಂದು ಸದ್ದಾಯಿತು. ಚೀಲದೊಳಗಿನ ಸ್ಪ್ರಿಂಗಿನಿಂದ ಕೊಡೆಯಷ್ಟು ದೊಡ್ಡ ಮರಿ ಪ್ಯಾರಾಶೂಟೊಂದು ಕಪ್ಪೆಯಂತೆ ಜಿಗಿದು ಸೀಲಿಂಗ್ ಫ್ಯಾನಿಗೆ ಹೋಗಿ ಸಿಕ್ಕಿತು. ಫ್ಯಾನ್ ತಿರುಗುತ್ತಿತ್ತು. ಅದು ಮರಿಯನ್ನು ಸುತ್ತಿಕೊಂಡಿತು, ಮರಿ ತಾಯಿಯನ್ನು ಎಳೆಯಿತು, ನೋಡನೋಡುತ್ತಿದ್ದಂತೆ ಗಜಗಟ್ಟಲೆ ಬಟ್ಟೆ ಹೊಸ ಸೀರೆ ಬಿಚ್ಚಿದ ಹಾಗೆ ಸರಸರನೆ ಮೇಲೇರಿ, ಅಲ್ಲಿ ಸಾಕಾಗಿ, ನಮ್ಮೆಲ್ಲರ ಮೇಲೆ ಇಳಿಯಿತು. ಗೊಂಬೆಗಳು, ಉಸಲಿ, ಆಂಟಿ, ಇನ್‌ಸ್ಟಂಟ್ ಪಾಟ್, ಎಲ್ಲವೂ ಒಳಗೆ. ಫ್ಯಾನ್ ಕಟಕಟ ಎಂದು ನಿಂತಿತು. ಬಟ್ಟೆಯ ಕೆಳಗಿನ ಬೆಳಕು ಕಿತ್ತಳೆಯಾಗಿತ್ತು. ಅಥವಾ ನೀಲಿ.

"ಯಾರೂ ಅಲ್ಲಾಡಬ್ಯಾಡ್ರಿ!" ಇದು ಮಾವ. "ಇದು ಪೂಜಿಗಿಟ್ಟ ಸಾಮಾನು. ನಾಳೆ ವಿಜಯದಶಮಿ ತನಕಾ ಮುಟ್ಟಂಗಿಲ್ಲ!"

"ಅದೇ ನಮ್ಮನ್ನ ಮುಟ್ಟಿದೆಯಲ್ಲ ಮಾವ!"

"ಅಳಿಯಂದ್ರ, ನೀವು ಕಲ್ತೀರಲ್ಲ, ಬಟ್ಟಿ ಮ್ಯಾಲೆ ಬಿದ್ರ ಏನ್ ಮಾಡಬೇಕು?"

ನೀರಿಗೆ ಬಿದ್ದಾಗ ಬಟ್ಟೆ ತಲೆಯ ಮೇಲೆ ಕವುಚಿಕೊಂಡರೆ ಏನೋ ಮಾಡಬೇಕಿತ್ತು. ಒಂದು ಹೊಲಿಗೆ ಹಿಡಿದು ಅಂಚಿನವರೆಗೆ ಹೋಗಬೇಕೋ, ಅಥವಾ ಹೋಗಬಾರದೋ. ನನಗೆ ನೆನಪಾದದ್ದು ಮುಖಕ್ಕೆ ಬಿದ್ದ ಸ್ಪ್ರೇ ಮಾತ್ರ.

"ಕೈಪಿಡಿಯಲ್ಲಿದೆ," ಅಂದೆ. ಬಟ್ಟೆಯಡಿಯಲ್ಲೇ ಕೈ ಚಾಚಿದರೆ ಅದು ಸಿಕ್ಕಿಯೂ ಸಿಕ್ಕಿತು. "ಪುಟ ತೆಗೀತೀನಿ."

"ತೆಗೀಬ್ಯಾಡ್ರೀ! ಅದು ಸರಸ್ವತಿ ಮುಂದಿಟ್ಟದ್ದು. ಇವತ್ತ ಓದಂಗಿಲ್ಲ!"

ಬಾಳೆಲ್ಲ ಭೌತಶಾಸ್ತ್ರ ಕಲಿಸಿದ ಮನುಷ್ಯ ನನ್ನ ಕೈಯಿಂದ ಕೈಪಿಡಿಯನ್ನು ಕಸಿದುಕೊಂಡು ಎದೆಗವುಚಿಕೊಂಡರು. ಅದೇ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ಗೊಂಬೆಗಳ ಮುಂದಿನ ಸಾಲುದೀಪಗಳೆಲ್ಲ ಬ್ಯಾಟರಿಯವು, ಸರಿ. ಆದರೆ ಮಂಗಳಾರತಿ ನಿಜದ್ದು. ಅದರ ಮೇಲೆ ಬಿದ್ದ ಬಟ್ಟೆ ಕಪ್ಪಾಗಿ, ಕರಗಿ, ಹೊಗೆಯಾಡತೊಡಗಿತು. ಸ್ಮೋಕ್ ಅಲಾರಂ ಚೀರಿಕೊಂಡಿತು.

ನನ್ನ ಮೊದಲ ಯೋಚನೆ ಹೆಂಡತಿಯದ್ದು. ಫ್ರಿಜ್ ಗುರ್ ಅಂದರೆ ಬೆಚ್ಚುವವಳು. ಈಗ ಮುಗಿಯಿತು, ನಾಳೆ ಬೆಳಿಗ್ಗೆಯೇ ಪಕ್ಕದ ಮನೆಗೆ ಬಾಡಿಗೆ ಮುಂಗಡ ಎಂದುಕೊಂಡೆ.

ಅವಳ ದನಿ ಕೇಳಿಸಿತು. ಹಲ್ಲು ಕೀಳುವಾಗಿನ ದನಿ ಅದು. ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. "ಅಕ್ಕಾ, ಪಾನಕದ ಪಾತ್ರಿ ನಿನ್ನ ಎಡಕ್ಕ ಅದ. ಅದನ್ನ ಇಲ್ಲೆ ಸುರುವು. ಹಾಂ. ಆಂಟಿ, ನೀವು ನನ್ನ ಸೆರಗು ಹಿಡ್ಕೊಳ್ಳಿ. ರೀ, ನೀವು ಆಂಟಿ ಸೆರಗು ಹಿಡ್ಕೊಳ್ಳಿ. ಅಪ್ಪಾ, ಆ ಪುಸ್ತಕ ಬಿಡು, ಭಾವನ ಕೈ ಹಿಡಿ. ಎಲ್ಲರೂ ತಲೆ ಬಗ್ಗಿಸಿ. ನಡೀರಿ."

ನಡೆದೆವು. ನಿಂಬೆಹಣ್ಣಿನ ಪಾನಕ ಬಿದ್ದು ಬಟ್ಟೆ ಚೊಂಯ್ ಅಂದಿತು. ರೈಲಾಟದ ಮಕ್ಕಳಂತೆ ಸೆರಗು ಸೆರಗು ಹಿಡಿದು ಪ್ಯಾರಾಶೂಟಿನ ಅಡಿಯಿಂದ ಹೊರಗೆ, ಅಲ್ಲಿಂದ ಮುಂಬಾಗಿಲಿಗೆ, ಅಲ್ಲಿಂದ ಷಡ್ಡಕನ ಹುಲ್ಲಿನ ಮೇಲೆ. ಮಾವ ಪುಸ್ತಕ ಬಿಟ್ಟಿರಲಿಲ್ಲ.

ಬೆಂಕಿ ಆಗಲೇ ಆರಿತ್ತು. ಆದರೂ ಅಲಾರಂ ಕಂಪನಿಯವರು ಯಾರಿಗೋ ಹೇಳಿ, ಫೈರ್ ಟ್ರಕ್ ಬಂತು. ಅಕ್ಟೋಬರಿನ ಬಿಸಿಲಲ್ಲಿ ರೇಷ್ಮೆ ಸೀರೆ, ಪಂಚೆ, ಹಣೆಯಲ್ಲಿ ಕುಂಕುಮದೊಂದಿಗೆ ನಾವು ಸಾಲಾಗಿ ನಿಂತಿದ್ದೆವು. ಹೆಲ್ಮೆಟ್ ಹಾಕಿದ ಇಬ್ಬರು ಒಳಗೆ ಹೋಗಿ, ಬಹಳ ಹೊತ್ತು ಒಳಗೇ ಇದ್ದು, ಹೊರಗೆ ಬಂದರು. ಒಬ್ಬ ಕೇಳಿದ, ಮನೆಯೊಳಗೆ ಯಾರಾದರೂ ಹಾರಿದರೇ ಎಂದು.

"ನೋ, ನೋ," ಅಂದರು ಮಾವ. "ಓನ್ಲಿ ವರ್ಷಿಪ್."

ಆಂಟಿ ಅವರಿಬ್ಬರಿಗೂ ಉಸಲಿ ಕೊಡುತ್ತಿದ್ದರು. ಆ ಗಲಾಟೆಯಲ್ಲೂ ಅವರ ಕೈಯ ಕಪ್ ಕವುಚಿರಲಿಲ್ಲ.

ಹೆಂಡತಿ ಇದಾವುದನ್ನೂ ನೋಡುತ್ತಿರಲಿಲ್ಲ. ಅವಳು ಟ್ರಕ್ಕಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಅದರ ಬೆನ್ನ ಮೇಲೆ ಮಡಚಿ ಮಲಗಿಸಿದ್ದ ಏಣಿಯ ಹತ್ತಿರ ನಿಂತು, ಹಳ್ಳಿಯ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಅದನ್ನು ನೋಡಿದಳು. ಹೆಲ್ಮೆಟಿನವರಲ್ಲಿ ಒಬ್ಬನನ್ನು ಕರೆದು, ಅದು ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿದಳು. ಏಳನೆಯ ಮಹಡಿಯ ಆಸುಪಾಸು ಎಂದನಂತೆ ಅವನು, ಉಸಲಿ ಅಗಿಯುತ್ತ.

ನಾನು ಆ ಕ್ಷಣದಲ್ಲೇ ಎಲ್ಲ ಅರ್ಥ ಮಾಡಿಕೊಂಡೆ ಎಂದು ಬರೆದರೆ ಸುಳ್ಳು. ನನಗೆ ಅರ್ಥವಾದದ್ದು ವಾರ ಕಳೆದ ಮೇಲೆ, ಅವಳು ನಮ್ಮ ಕಟ್ಟಡದ ಲೀಸಿಂಗ್ ಆಫೀಸಿಗೆ ಫೋನ್ ಮಾಡಿದ್ದನ್ನು ಕೇಳಿಸಿಕೊಂಡಾಗ. ಅದೇ ಕಟ್ಟಡ, ಆರನೆಯ ಮಹಡಿ.

"ಅಲ್ಲಿ ನದಿ ಕಾಣಲ್ಲ," ಅಂದೆ.

"ಏಣಿ ಮುಟ್ಟತ್ತೆ," ಅಂದಳು.

"ಅಲಾರಂ ಹೊಡೆದಾಗ ನೀನು ಹೆದರಲೇ ಇಲ್ಲವಲ್ಲ. ಮತ್ತೆ ಮೇಲೇ ಇದ್ರೆ ಏನು?"

"ಅಲ್ಲಿ ಬಾಗಿಲು ಇತ್ತು ರೀ. ಹೊರಗೆ ಹುಲ್ಲಿತ್ತು. ನಿಮ್ಮಿಬ್ಬರ ಭರವಸೆ ಮೇಲೆ ಮೂವತ್ತೊಂಬತ್ತನೇ ಮಹಡಿಯಲ್ಲಿ ಮಲಗು ಅಂದ್ರೆ ಹೇಗೆ? ಒಬ್ರು ಓದಬೇಡ ಅಂತೀರ, ಒಬ್ರು ಓದಿದ್ದೆಲ್ಲ ಮರೆತಿರ್ತೀರ."

ಹೊಸ ಲೀಸಿಗೆ ಸಹಿ ಹಾಕಿದೆ.

ಆರನೆಯ ಮಹಡಿಯ ಕಿಟಕಿಯಿಂದ ಪಕ್ಕದ ಪಾರ್ಕಿಂಗ್ ಗರಾಜಿನ ತಾರಸಿ ಕಾಣುತ್ತದೆ. ನೋಡಲು ಅಲ್ಲಿ ಇರುವುದು ಒಂದು ಕೆಂಪು ಕಾರು, ಅದರ ಮೇಲೆ ದಿನವೂ ಬಂದು ಕೂರುವ ಒಂದು ಕಡಲಹಕ್ಕಿ. ಮಾಲೀಕ ಬರುತ್ತಾನೆ, ಬಯ್ಯುತ್ತಾನೆ, ಒರೆಸುತ್ತಾನೆ. ಅವನ ಬಗ್ಗೆ ಇಷ್ಟರಲ್ಲೇ ಬಹಳ ತಿಳಿದುಕೊಂಡಿದ್ದೇನೆ. ದೋಣಿಗಳ ಬಗ್ಗೆ ಏನೂ ತಿಳಿದಿರಲಿಲ್ಲ.

ಮನೆ ಬದಲಾಯಿಸಿದ ದಿನ ಡಬ್ಬಗಳ ಮೇಲೆ ಕೂತು ಮಧ್ಯಾಹ್ನ ಅವಲಕ್ಕಿ ತಿನ್ನುತ್ತಿದ್ದೆವು. ಮಾವ ಮಾತ್ರ ತಿನ್ನದೆ ಕಿಟಕಿಯಿಂದ ಕೆಳಗೆ ನೋಡುತ್ತ ಬೆರಳು ಮಡಚುತ್ತಿದ್ದರು. ಮುಖ ಕಪ್ಪಿಟ್ಟಿತ್ತು.

"ಇದು ಭಾಳ ಡೇಂಜರ್ ಅದರೀ," ಅಂದರು.

"ಯಾಕೆ ಮಾವ? ಕೆಳಗೇ ಇದ್ದೀವಲ್ಲ."

"ಅದಕ್ಕ ಹೇಳೂದು. ಮ್ಯಾಲಿಂದ ಹಾರಿದ್ರ ಪ್ಯಾರಾಶೂಟ್ ತೆರೀಲಿಕ್ಕೆ ಟೈಮ್ ಸಿಗತದ. ಇಲ್ಲಿಂದ ಹಾರಿದ್ರ ಅದು ತೆರಿಯೂದರಾಗ ನಾವು ಮುಟ್ಟಿರ್ತೀವಿ. ಅಲ್ಲಿ ಸೇಫ್ ಇದ್ವಿ. ಇಲ್ಲೆ ಏನೂ ಉಪಾಯ ಇಲ್ಲ."

ಹೆಂಡತಿ ತಟ್ಟೆ ಹಿಡಿದು ಗೋಡೆಯ ಹತ್ತಿರದ ಡಬ್ಬಕ್ಕೆ ಸರಿದಳು. ಮಾವ ಫೋನ್ ತೆಗೆದು, ಪ್ಯಾರಾಶೂಟ್ ಮಾರಿದವರ ನಂಬರ್ ಒತ್ತಿ, ಸ್ಪೀಕರ್ ಹಾಕಿ ಡಬ್ಬದ ಮೇಲಿಟ್ಟರು. ಆರನೆಯ ಮಹಡಿಗೆ ಬೇರೆ ಅಳತೆಯದ್ದು ಸಿಗುತ್ತದೆಯೇ ಎಂದು ಕೇಳುವುದಿತ್ತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ಹೇಳಿತು. ಆಮೇಲೆ ಸಂಗೀತ ಶುರುವಾಯಿತು: ಸ್ಯಾಕ್ಸೋಫೋನಿನದು, ಕೊನೆಯಿಲ್ಲದ್ದು, ನಡುನಡುವೆ ಕರಕರ ಎನ್ನುವುದು.

ಅದು ಮೂರನೆಯ ಸಲವೋ ನಾಲ್ಕನೆಯ ಸಲವೋ ಮೊದಲಿನಿಂದ ಶುರುವಾದಾಗ ನಾನು ತಿರುಗಿ ನೋಡಿದೆ. ಹೆಂಡತಿ ಗೋಡೆಗೆ ಒರಗಿದ್ದಳು. ಅವಲಕ್ಕಿಯ ತಟ್ಟೆ ಮಡಿಲಲ್ಲೇ ಇತ್ತು. ಬಾಯಿ ತುಸು ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು.

ಮಾವ ಫೋನಿನ ದನಿ ಕಡಿಮೆ ಮಾಡಿದರು. ಕರೆ ಮಾತ್ರ ಕತ್ತರಿಸಲಿಲ್ಲ.